ಪ್ರಾದಲ್ ಆದಮೇಲೆ ಬರುವ ಹೆಸರು

ಪೇರಜೋಲ್,
ಮಂಗಳವಾರ, 20 ನವೆಂಬರ್ 2001

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊರಡುವ ದಿನ ನಿನಗೆ ಕೆಮ್ಮಿತ್ತು. ಜೇನಿನ ಶೀಶೆಯನ್ನು ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ನಿನ್ನ ಚೀಲದ ತಳದಲ್ಲಿಟ್ಟಿದ್ದೆ, ಸಿಕ್ಕಿತೇ? ರಾತ್ರಿ ಮಲಗುವ ಮುಂಚೆ ಒಂದು ಚಮಚ ಬಿಸಿ ಹಾಲಿಗೆ ಹಾಕಿ ಕುಡಿ. ಸಂಸತ್ತಿನಲ್ಲಿ ಚರ್ಚೆ ಇದೆ, ಹಾಲು ಎಲ್ಲಿಂದ ತರಲಿ ಎಂದು ನೆಪ ಹೇಳಬೇಡ. ಐನೂರೆಪ್ಪತ್ತು ಚಿಲ್ಲರೆ ಜನ ಕೂರುವ ಕಡೆ ಒಂದು ಲೋಟ ಹಾಲು ಹುಟ್ಟುವುದಿಲ್ಲವೆಂದರೆ ಈ ದೇಶದ ಗತಿಯೇನು? ನನ್ನ ನಾದಿನಿ ಕ್ಲೋತಿಲ್ದ್ ಹೇಗಿದ್ದಾಳೆ? ಅವಳ ಕೈನೋವಿಗೆ ಹೊಸ ವೈದ್ಯರು ಏನೆಂದರು? ಈ ಪತ್ರವನ್ನು ನಿಮ್ಮ ಮನೆಗೆ ಬರೆದರೆ ಪಾಪ ಅವಳು ಮೊದಲು ಒಡೆದು ಓದುತ್ತಾಳೆ, ಸಂಸತ್ ಭವನಕ್ಕೆ ಬರೆದರೆ ನಿನ್ನ ಕಾರ್ಯದರ್ಶಿ ಒಡೆಯುತ್ತಾಳೆ. ಅದಕ್ಕೇ ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ 'ಖಾಸಗಿ' ಎಂದು ಬರೆದು ಅಡಿಯಲ್ಲಿ ಎರಡು ಗೆರೆ ಎಳೆಯುವವಳಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ, ಕೊನೆಗೆ ರಿಸೀವರ್ ಇಡುವಾಗ ತಪ್ಪೆಲ್ಲ ನನ್ನದೇ ಎನಿಸಿರುತ್ತದೆ. ಕಾಗದದ ಮೇಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಇಲ್ಲಿ ಎಲ್ಲ ಕ್ಷೇಮ ಎಂದೇ ಬರೆಯಬೇಕು, ಬರೆದಿದ್ದೇನೆ. ಚೆಸ್ಟ್‌ನಟ್ ಈ ಸಲ ಹುಳುಕು. ಶಾಲೆಯ ಮಾಡಿಗೆ ಹೊಸ ಹಂಚು ಹೊದಿಸುವ ಕೆಲಸ ಅರ್ಧಕ್ಕೆ ನಿಂತಿದೆ, ನಿನ್ನ ಉಪಮೇಯರ್ ದಿನಕ್ಕೊಮ್ಮೆ ಬಂದು ಕತ್ತೆತ್ತಿ ನೋಡಿ ಹೋಗುತ್ತಾನೆ, ನೋಡಿದರೆ ಹಂಚು ತಾನಾಗಿ ಹತ್ತುತ್ತದೆ ಎಂಬಂತೆ. ನನ್ನ ಅಂಗಡಿಯಲ್ಲಿ ಕೆಲಸ ಇದೆ. ಚಳಿ ಬಂತಲ್ಲ, ಎಲ್ಲರಿಗೂ ಹಳೇ ಕೋಟು ನೆನಪಾಗಿದೆ, ಎಲ್ಲರ ಹೊಟ್ಟೆಯೂ ಬೆಳೆದಿದೆ. ದಿನವಿಡೀ ಹೊಲಿಗೆ ಬಿಚ್ಚಿ ಅಗಲ ಮಾಡುವುದೇ ಕೆಲಸ. ಅಮ್ಮನ ಮಂಡಿನೋವು ಹಾಗೇ ಇದೆ. ಉಳಿದಂತೆ ಚೆನ್ನಾಗಿದ್ದಾಳೆ. ಇಲ್ಲ, ಚೆನ್ನಾಗಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ. ಇಷ್ಟು ಹೊತ್ತು ಹಂಚು, ಚೆಸ್ಟ್‌ನಟ್ ಎಂದು ಸುತ್ತು ಹೊಡೆಯುತ್ತಿದ್ದೆ.

ಹನ್ನೊಂದನೇ ತಾರೀಕು ಬೆಳಗ್ಗೆ ನಿನ್ನ ಹುದ್ದೆಯ ಮೂರು ಬಣ್ಣದ ಪಟ್ಟಿಗೆ ಇಸ್ತ್ರಿ ಮಾಡಿದವಳು ನಾನು. ನೀನು ಮೇಯರ್ ಆದ ವರ್ಷದಿಂದ ಅದು ನನ್ನದೇ ಕೆಲಸ. ನಿನ್ನ ಹೆಗಲಿಗೆ ಹಾಕಿ ಸೊಂಟದ ಹತ್ತಿರ ಕುಚ್ಚು ಸರಿಮಾಡಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿ, 'ಹೋಗು, ಈಗ ನೀನು ಮನುಷ್ಯ' ಎಂದು ಹೇಳದೆ ನಿನ್ನನ್ನು ಯಾವತ್ತೂ ಕಳಿಸಿದವಳಲ್ಲ. ಈ ಸಲ ನಾನು ಹಾಕುವ ಮುಂಚೆ ನೀನೇ ಹಾಕಿಕೊಂಡೆ. ಕೆಂಪು ಕುತ್ತಿಗೆಯ ಕಡೆ ಇತ್ತು. 'ಏಯ್, ತಿರುವು ಮುರುವಾಗಿದೆ ಕಣೋ. ಮೇಯರಿಗೆ ನೀಲಿ ಕುತ್ತಿಗೆ ಕಡೆ' ಎಂದೆ. ಸಂಸದರಿಗೆ ಕೆಂಪು, ಮೇಯರಿಗೆ ನೀಲಿ ಎಂಬುದು ಈ ಊರಿನ ಕೋಳಿಗೂ ಗೊತ್ತು. ನೀನು ಕನ್ನಡಿ ನೋಡುತ್ತ, 'ಇವತ್ತು ಹೀಗೇ ಇರ್ಲಿ ಅಕ್ಕ. ಇಡೀ ಜಿಲ್ಲೆ ನೋಡ್ಕೊಳ್ಳೋ ಪ್ರಿಫೆಕ್ಟೇ ಬರ್ತಿದ್ದಾರೆ' ಎಂದೆ. ನಮ್ಮ ಸ್ಮಾರಕದ ಮುಂದೆ, ಮೊದಲ ಮಹಾಯುದ್ಧದಲ್ಲಿ ಮಡಿದ ನಮ್ಮ ಹುಡುಗರ ಹೆಸರು ಓದುವ ದಿನ ಸಂಸದನಾಗಿ ಬಂದು ನಿಂತೆ. ಆಗಲೇ ನನಗೆ ತಿಳಿಯಬೇಕಿತ್ತು. ನಾನೋ ದರ್ಜಿ, ಬಟ್ಟೆಯ ಆಚೆಗೆ ಯೋಚನೆ ಹೋಗಲಿಲ್ಲ.

ತಮ್ಮಾ, ನಿನಗೆ ಚರಿತ್ರೆ ಹೇಳಿಕೊಡುವಷ್ಟು ಓದು ನನಗಿಲ್ಲ. ಆದರೂ ಇವತ್ತು ಹೇಳುತ್ತೇನೆ, ಏಕೆಂದರೆ ನಮ್ಮಿಬ್ಬರಲ್ಲಿ ಅದನ್ನು ಮರೆತವನು ಪ್ರೊಫೆಸರ್ ಎಂದು ಕಾಣುತ್ತದೆ. ಅಮ್ಮನಿಗೆ ಎರಡು ವರ್ಷವಿದ್ದಾಗ ಅವಳ ಅಪ್ಪ ಸಿಲ್ವೇನ್ ರೂಫಿಯಾನನ್ನು ನಮ್ಮ ಸೈನ್ಯವೇ ಕಂಬಕ್ಕೆ ಕಟ್ಟಿ ಗುಂಡಿಟ್ಟು ಕೊಂದಿತು. ಅವನ ತುಕಡಿ ಮತ್ತೊಮ್ಮೆ ಮುಂದಿನ ಸಾಲಿಗೆ ಹೋಗಲಾರೆವೆಂದು ಕೂತುಬಿಟ್ಟಿತ್ತು. ಎಲ್ಲರನ್ನೂ ಕೊಲ್ಲಲಾಗದು, ಅದಕ್ಕೆ ಉಳಿದವರಿಗೆ ಬುದ್ಧಿ ಬರಲೆಂದು ಚೀಟಿ ಎತ್ತಿ ಕೆಲವರನ್ನು ಆರಿಸಿದರು. ಮರದ ಪಾದರಕ್ಷೆ ಕೆತ್ತುತ್ತಿದ್ದ ತಾತನ ಪಾಲಿಗೆ ಆ ಚೀಟಿ ಬಂತು. ಸ್ಮಾರಕದ ಕಲ್ಲಿನ ಮೇಲೆ ಅವನ ಹೆಸರಿಲ್ಲ. ಅಜ್ಜಿಗೆ ಪಿಂಚಣಿ ಇಲ್ಲ. ನವೆಂಬರ್ ಹನ್ನೊಂದರಂದು ಅಪ್ಪಂದಿರು ಸತ್ತ ಮಕ್ಕಳನ್ನೆಲ್ಲ ಎದೆಗೆ ರಿಬ್ಬನ್ ಕಟ್ಟಿ ಮುಂದೆ ನಿಲ್ಲಿಸುವಾಗ ಅಮ್ಮ ಚರ್ಚಿನ ಹತ್ತಿರದ ದೊಡ್ಡ ಮರದ ಹಿಂದೆ ನಿಲ್ಲುತ್ತಿದ್ದಳು. ಶಾಲೆಯಲ್ಲಿ ಅವಳನ್ನು ಲಿಯೊಂತಿನ್ ಎಂದು ಯಾರೂ ಕರೆಯುತ್ತಿರಲಿಲ್ಲ. 'ಏ ಹೇಡಿ ಮಗಳೇ, ಓಡೋದು ನಿಮ್ಮಪ್ಪ ಕಲಿಸಿದ್ನಾ?' ಎನ್ನುತ್ತಿದ್ದರಂತೆ. ಇದನ್ನು ಅವಳು ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ದಿನ, ಮುಸುಕಿಗೆ ಅಂಚು ಹೊಲಿಯುತ್ತ, ತಲೆ ಎತ್ತದೆ.

ಆಮೇಲೆ ನೀನು ಹುಟ್ಟಿಬಂದೆಯಲ್ಲ ನಮ್ಮ ಮನೆಗೆ ಬೆಳಕಾಗಿ! ವಿದ್ಯಾರ್ಥಿವೇತನ, ಕ್ಲೆರ್ಮೋಂ ವಿಶ್ವವಿದ್ಯಾಲಯ, ಪದವಿ, ಮೇಲೊಂದು ಪದವಿ. ಎಲ್ಲರೂ ರಾಜರ ಮೇಲೆ ಬರೆಯುವಾಗ ನೀನು ಗುಂಡಿಟ್ಟು ಕೊಂದ ಸಿಪಾಯಿಗಳ ಮೇಲೆ ಬರೆಯಲು ಕೂತೆ. ಸೈನ್ಯದ ಹಳೇ ಕಡತಗಳ ಧೂಳು ಕುಡಿದು ಕುಡಿದು ನಿನಗೆ ಈ ಕೆಮ್ಮು ಶುರುವಾಗಿದ್ದು, ನನಗೆ ಚೆನ್ನಾಗಿ ನೆನಪಿದೆ. ಪುಸ್ತಕ ಬಂದಾಗ ಊರಿನ ಅರ್ಧ ಜನ ನಮಗೆ ಬೆನ್ನು ಹಾಕಿದರು. ನನ್ನ ಅಂಗಡಿಗೆ ಒಂದು ಚಳಿಗಾಲವಿಡೀ ಗುಂಡಿ ಹೊಲಿಸಲು ಕೂಡ ಯಾರೂ ಬರಲಿಲ್ಲ. ನೀನು ಬಂದು ಕೆಫೆಯಲ್ಲಿ ಕೂತು ಒಬ್ಬೊಬ್ಬರ ಹತ್ತಿರವೂ ಮಾತಾಡಿದೆ. ಕ್ಲೆರ್ಮೋಂನ ಭಾಷೆಯಲ್ಲಲ್ಲ, ಶಾಲೆಯಲ್ಲಿ ಆಡಿದರೆ ಬೆರಳಿಗೆ ಪೆಟ್ಟು ಬೀಳುತ್ತಿದ್ದ ನಮ್ಮ ಈ ಹಳ್ಳಿಮಾತಿನಲ್ಲಿ. ಅಂಚೆ ಕಚೇರಿ ಮುಚ್ಚಲು ಹೊರಟಾಗ ನೀನೇ ಕಾಗದ ಬರೆದು ಉಳಿಸಿದೆ. ಬೆನ್ನು ಹಾಕಿದವರೇ ಎಂಬತ್ತಮೂರರಲ್ಲಿ ಬಂದು ನಿನ್ನನ್ನು ಮೇಯರ್ ಮಾಡಿದರು. 'ಪ್ರೊಫೆಸರ್ ಆದ್ರೂ ನಮ್ ಹುಡ್ಗ' ಎಂದರು.

ಆ ವರ್ಷದ ಹನ್ನೊಂದನೇ ತಾರೀಕು ನಿನಗೆ ನೆನಪಿದೆಯೇ? ತಾತನ ಹೆಸರು ಕೆತ್ತಿಸಲು ಮೇಲಿನವರು ಒಪ್ಪಿರಲಿಲ್ಲ. ಕೆತ್ತುವುದಕ್ಕೆ ತಾನೇ ತಡೆ, ಓದುವುದಕ್ಕೇನು ಎಂದು ನೀನು ಹೆಸರುಗಳನ್ನು ಓದುತ್ತ ಹೋದೆ. ಒಂದೊಂದು ಹೆಸರಿಗೂ ಶಾಲೆಯ ಮಕ್ಕಳು 'ಫ್ರಾನ್ಸಿಗಾಗಿ ಮಡಿದವರು' ಎನ್ನುತ್ತಿದ್ದರು. ಪ್ರಾದಲ್ ಎಂದೆ, ಮಡಿದವರು ಎಂದರು. ಆಮೇಲೆ ನೀನು ಕಲ್ಲಿನ ಮೇಲಿಲ್ಲದ ಹೆಸರನ್ನು ಓದಿದೆ: ಸಿಲ್ವೇನ್ ರೂಫಿಯಾ. ಮಕ್ಕಳು ಬಾಯಿ ತೆರೆದು ಹಾಗೇ ನಿಂತರು. ಗುಂಡಿಟ್ಟವರೇ ಫ್ರಾನ್ಸಿನವರಾದ ಮೇಲೆ ಆ ಮಾತನ್ನು ಹೇಗೆ ಹೇಳುವುದು? ಆಗ ಬಾವುಟ ಹಿಡಿದಿದ್ದ ಮುದುಕ, ಆ ಯುದ್ಧದಲ್ಲೇ ಅಣ್ಣನನ್ನೂ ತನ್ನ ಒಂದು ಕೈಯನ್ನೂ ಕಳೆದುಕೊಂಡ ಆ ಚಿಕ್ಕ ಪ್ರಾದಲ್, ಬಾವುಟವನ್ನು ಮಣ್ಣಿಗೆ ತಾಗುವಷ್ಟು ಬಗ್ಗಿಸಿ ಹಳ್ಳಿಮಾತಿನಲ್ಲಿ ಗಟ್ಟಿಯಾಗಿ ಅಂದ: 'ನಮ್ಮೋನೇ!' ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಅಮ್ಮ ನನ್ನ ತೋಳು ಹಿಡಿದಿದ್ದಳು, ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಅವತ್ತಿನಿಂದ ಪೇರಜೋಲ್‌ನಲ್ಲಿ ಅದೇ ಪದ್ಧತಿ. ಪ್ರಾದಲ್ ಆದಮೇಲೆ ಮಕ್ಕಳು ಸುಮ್ಮನಾಗುತ್ತಾರೆ, ದೊಡ್ಡವರು 'ನಮ್ಮೋನೇ' ಎನ್ನುತ್ತೇವೆ, ಆಮೇಲೆ ಅರಮನೆಯ ಧಣಿ ಮನೆತನದ ಸಾರಜಾಕ್ ಎಂದು ಮುಂದಕ್ಕೆ ಹೋಗುತ್ತದೆ. ನಿನ್ನ ವಿದ್ಯಾರ್ಥಿಗಳು ಅದನ್ನು ಕೇಳಲೆಂದೇ ಬಸ್ಸು ಮಾಡಿಕೊಂಡು ಬರುತ್ತಿದ್ದರು. ಅವರ ಮುಂದೆ ನೀನು ಹೇಳಿದ ಮಾತು ನನಗೆ ಬಾಯಿಪಾಠ: 'ಒಂದು ಹೆಸರನ್ನು ಬಿಟ್ಟು ಓದುವುದೆಂದರೆ ಆ ಮನುಷ್ಯನ ಎದೆಗೆ ಎರಡನೇ ಸಲ ಗುರಿಯಿಟ್ಟ ಹಾಗೆ.' ನಾನಂತೂ ಕಣ್ಣೀರು ಒರೆಸಿಕೊಂಡಿದ್ದೆ. ಆ ಮಾತೇ ನಿನ್ನನ್ನು ಪ್ಯಾರಿಸಿನವರೆಗೆ ಹೊತ್ತುಕೊಂಡು ಹೋಯಿತು. ನೀನು ಸಂಸದನಾದ ದಿನ ಅಮ್ಮ ಬೀದಿಯವರಿಗೆಲ್ಲ ವೈನ್ ಹಂಚಿದಳು. ಅವಳನ್ನು ಹೇಡಿಯ ಮಗಳೆಂದವರ ಮಕ್ಕಳಿಗೂ ಹಂಚಿದಳು, ಅವರಿಗೇ ಲೋಟ ತುಸು ಹೆಚ್ಚು ತುಂಬಿಸಿದಳು.

ಈಗ ಮೊನ್ನೆಯ ವಿಷಯ. ಪ್ರಿಫೆಕ್ಟ್ ಬಂದಿದ್ದರು. ಜಿಲ್ಲೆಯ ಮಾಜಿ ಸೈನಿಕರ ಸಂಘದ ಆ ಕರ್ನಲ್ ಎದೆಯ ತುಂಬ ಪದಕ ನೇತುಹಾಕಿಕೊಂಡು ಬಂದಿದ್ದ. ಬರುವ ಜೂನಿನಲ್ಲಿ ಚುನಾವಣೆ, ಅವನ ಸಂಘದ ಓಟು ಎಷ್ಟೆಂದೂ, ತಾತನಂಥವರ ಹೆಸರು ಅವರಿಗೆ ಆಗದೆಂದೂ ನನಗೆ ಗೊತ್ತು. ಗೆದ್ದರೆ ನಿನ್ನನ್ನು ರಕ್ಷಣಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡುತ್ತಾರೆಂಬ ಸುದ್ದಿಯನ್ನು ಕ್ಲೋತಿಲ್ದ್ ಫೋನಿನಲ್ಲಿ ಹೇಳಿದ್ದಳು. ಮಕ್ಕಳು ಚೆನ್ನಾಗಿ ಕಲಿತು ಬಂದಿದ್ದರು. ನೀನು ಪ್ರಾದಲ್ ಎಂದೆ. ಮಡಿದವರು ಎಂದರು. ನೀನು ಕಾಗದದಿಂದ ಕಣ್ಣೆತ್ತದೆ, ಒಂದು ಉಸಿರೂ ಬಿಡದೆ, ಎಮಾರ್ ದ ಸಾರಜಾಕ್ ಎಂದೆ. ಮಕ್ಕಳು ಕಲಿತ ಲೆಕ್ಕಕ್ಕೆ ಸುಮ್ಮನಾದರು. ನಮಗೆ ಹೆಸರು ಬೇರೆಯೆಂದು ತಿಳಿದಿತ್ತು, ನಾವೂ ಸುಮ್ಮನಾದೆವು. ಆ ಮೌನದಲ್ಲಿ ಅಮ್ಮನದೊಂದೇ ದನಿ, ಕೀರಲಾಗಿ, ಗಟ್ಟಿಯಾಗಿ: 'ನಮ್ಮೋನೇ!'

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. 'ಅರಮನೆ ಧಣಿ ಯಾವಾಗಿಂದ ನಮ್ಮೋನಾದ್ನೋ!' ಎಂದನೊಬ್ಬ. ಮಕ್ಕಳಿಗೆ ನಗು ತಡೆಯಲಾಗಲಿಲ್ಲ, ಮೇಷ್ಟ್ರು ಕಣ್ಣು ಬಿಟ್ಟರೂ ನಿಲ್ಲಲಿಲ್ಲ. ಕರ್ನಲ್ ಹುಬ್ಬೇರಿಸಿದ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಕ್ಷಮಿಸಿ, ಒಂದು ಹೆಸರು ಬಿಟ್ಟುಹೋಯಿತು ಎನ್ನುತ್ತಾನೆ, ನಾಲಗೆ ತೊಡರಿತು ಎಂದರೂ ಸಾಕು ಎಂದು ಕಾದೆ. ನಿನ್ನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ಮುಂದಿನ ಹೆಸರು ಓದಿದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅಮ್ಮ ಮಾತ್ರ ನೆಟ್ಟಗೆ ನಿಂತಿದ್ದಳು, ಕಪ್ಪು ಕೋಟಿನ ಗುಂಡಿಯನ್ನು ಒಂದು ಕೈಯಲ್ಲಿ ಹಿಡಿದು.

ಅದನ್ನಾದರೂ ಮರೆಯಬಹುದಿತ್ತು. ಜನ ಎಡವುತ್ತಾರೆ, ನೀನೂ ಮನುಷ್ಯನೇ. ಆದರೆ ಆಮೇಲೆ ಪಂಚಾಯಿತಿಯ ಸಭಾಂಗಣದಲ್ಲಿ ಎಲ್ಲರೂ ಲೋಟ ಹಿಡಿದು ನಿಂತಾಗ, ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ನಿನಗೆಂದು ಮಾಡಿದ ಆಲೂಗಡ್ಡೆಯ ಕಡುಬನ್ನು ನಾನು ತಟ್ಟೆಯಲ್ಲಿಟ್ಟುಕೊಂಡು ನಿನ್ನ ಬೆನ್ನ ಹಿಂದೆಯೇ ಇದ್ದೆ. ಪ್ರಿಫೆಕ್ಟ್ ಏನೋ ಕೇಳಿದರು. ನೀನು ನಕ್ಕು, ಅವರ ಮೊಣಕೈ ಮುಟ್ಟಿ, ಹೇಳಿದೆ: 'ನಮ್ಮ ತಾಯಿ. ವಯಸ್ಸಾಗಿದೆ, ಪಾಪ. ಇತ್ತೀಚೆಗೆ ತಲೆ ಅಷ್ಟು ಸರಿ ಇರಲ್ಲ.' ಪ್ರಿಫೆಕ್ಟ್ ಅಯ್ಯೋ ಎಂದರು, ತಮ್ಮ ತಾಯಿಗೂ ಹಾಗೇ ಎಂದರು. ಕರ್ನಲ್ ನಿನ್ನ ಬೆನ್ನು ತಟ್ಟಿದ. ಅಮ್ಮ ನಿನಗೆ ಮೂರು ಮಾರು ದೂರದಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕಡುಬನ್ನು ನೀನು ಎರಡು ತುಂಡು ತಿಂದೆ, ಉಳಿದದ್ದನ್ನು ಪಾತ್ರೆಸಮೇತ ಪ್ಯಾರಿಸಿಗೆ ಒಯ್ದೆ. ಪಾತ್ರೆ ವಾಪಸ್ ಕಳಿಸು, ಅದು ಅಜ್ಜಿಯದು.

ನನಗೆ ನಾಚಿಕೆಯಾಗುತ್ತಿದೆ ಎಮಿಲಿಯೆಂ. ಕೋಪ ಬಂದಿದ್ದರೆ ಒಳ್ಳೆಯದಿತ್ತು. ಕೋಪ ಬಂದರೆ ಒಂದು ದೊಡ್ಡ ಬಟ್ಟೆ ಒಗೆದರೆ ಇಳಿಯುತ್ತದೆ. ಇದು ಇಳಿಯುತ್ತಿಲ್ಲ. ಹತ್ತಿದ ಏಣಿಯನ್ನು ಒದೆಯುವವರನ್ನು ನೋಡಿದ್ದೇನೆ, ಆದರೆ ಆ ಏಣಿ ಹೆತ್ತ ತಾಯಿಯೂ ಸತ್ತ ತಾತನೂ ಆಗಿರುವುದನ್ನು ನನ್ನ ಮನೆಯಲ್ಲೇ ನೋಡಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ನನ್ನ ಬಗ್ಗೆಯೂ ನಾಚಿಕೆಯಾಗುತ್ತಿದೆ. ಮರುದಿನ ಬ್ರೆಡ್ ಅಂಗಡಿಯ ಒದೆತ್ ಕೌಂಟರಿನ ಮೇಲೆ ಬಾಗಿ, 'ಸೊಲಾಂಜ್, ನಿಜ ಹೇಳು. ನಿನ್ ತಮ್ಮ ತಾತನ ಹೆಸ್ರು ಓದಿದ್ನಾ, ನುಂಗಿದ್ನಾ?' ಎಂದು ಕೇಳಿದಳು. ನಾನು, 'ಗಾಳಿ ಜೋರಿತ್ತಲ್ಲ, ಸರಿಯಾಗಿ ಕೇಳ್ಲಿಲ್ಲ' ಎಂದೆ. ಅವತ್ತು ಒಂದು ಎಲೆಯೂ ಅಲುಗಿರಲಿಲ್ಲ. ಒದೆತ್ ನನ್ನ ಮುಖ ನೋಡಿ, 'ಹೂಂ, ಗಾಳಿ' ಎಂದು ಬ್ರೆಡ್ ಕಟ್ಟಿಕೊಟ್ಟಳು. ಮನೆಗೆ ಬಂದು ಆ ಬ್ರೆಡ್ ತಿನ್ನಲಾಗಲಿಲ್ಲ.

ಅಮ್ಮನದು ಇನ್ನೊಂದು ಕತೆ. ಮೊದಲೆರಡು ದಿನ ಸುಮ್ಮನಿದ್ದಳು. ಮೂರನೇ ದಿನ ಕೋಟು ಹಾಕಿಕೊಂಡು, ಕೋಲು ಹಿಡಿದು, ಮಂಡಿನೋವಿನಲ್ಲೇ ಹೊರಟಳು. ಬ್ರೆಡ್ ಅಂಗಡಿ, ಕೆಫೆ, ಔಷಧಿ ಅಂಗಡಿ, ಚರ್ಚಿನ ಬಾಗಿಲು, ಎಲ್ಲ ಕಡೆ ನಿಂತು ಒಂದೇ ಮಾತು: 'ನಂಗೆ ಅರಳು ಮರಳು ಕಣ್ರೇ. ಮಿಲ್ಲೂ ನಮ್ಮಪ್ಪನ ಹೆಸ್ರು ಓದೇ ಓದಿದ. ನಾನೇ ತಡವಾಗಿ ಕೂಗ್ಬಿಟ್ಟೆ, ಆ ಅರಮನೆಯೋನ ಹೆಸ್ರಿಗೆ. ಥೂ, ಎಂಥಾ ತಲೆ!' ನಿನ್ನನ್ನು ಈಗಲೂ ಮಿಲ್ಲೂ ಎನ್ನುತ್ತಾಳೆ, ಅಂಗಡಿಯಲ್ಲೂ. ಕೆಲವರು ನಂಬಿದರು. ಮುದುಕಿಯೇ ಹೇಳುತ್ತಿದ್ದಾಳಲ್ಲ. ನಂಬದವರು ಬಾಯಿ ಮುಚ್ಚಿಕೊಂಡರು, ಹೆತ್ತವಳ ಎದುರು ಏನು ಹೇಳುತ್ತಾರೆ? ವಿಚಿತ್ರವೆಂದರೆ ತಲೆ ಸರಿಯಿಲ್ಲ ಎಂದು ಒದೆತ್‌ಗೆ ಹೇಳುತ್ತಲೇ ಅವಳು ಫ್ರಾಂಕಿನ ಬೆಲೆಯನ್ನು ಜನವರಿಯಲ್ಲಿ ಬರುವ ಯೂರೋಗೆ ಬಾಯಲ್ಲೇ ಪರಿವರ್ತಿಸಿ, ಒದೆತ್ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿ ಬಂದಳಂತೆ.

ಆದರೆ ಮನೆಗೆ ಬಂದರೆ ಮಂಕಾಗಿ ಕೂರುತ್ತಾಳೆ. ನನ್ನ ಹತ್ತಿರವೂ ಅದನ್ನೇ ಹೇಳುತ್ತಾಳೆ: 'ಓದಿರ್ತಾನೆ ಬಿಡು. ಓದ್ದೆ ಇರ್ತಾನಾ ನನ್ ಮಗ? ನನ್ ತಲೇನೇ ಕೆಟ್ಟಿರೋದು.' ಈಗ ತಾನಾಗಿಯೇ ನಮ್ಮ ವೈದ್ಯರನ್ನು ಕೇಳಿ ಪಟ್ಟಣದ ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಂಡಿದ್ದಾಳೆ, ಬರುವ ವಾರ ಗುರುವಾರ. ಪರೀಕ್ಷೆಯಲ್ಲಿ ಸರಿಯಿಲ್ಲವೆಂದು ಬಂದರೆ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮಕ್ಕೆ ಸೇರಿಸು ಎನ್ನುತ್ತಾಳೆ. 'ಮುಂದಿನ್ ವರ್ಷ ಮತ್ತೆ ಎಲ್ಲಾದ್ರೂ ಕೂಗಿ ಮಿಲ್ಲೂ ಮರ್ಯಾದೆ ಕಳೀಬಾರ್ದಲ್ಲ' ಎಂದಳು. ಎಂಬತ್ತಾರು ವರ್ಷ ಒಂದೇ ಒಂದು ಸಂತೆಯ ಲೆಕ್ಕ ತಪ್ಪದವಳು ನಿನ್ನ ಒಂದು ವಾಕ್ಯಕ್ಕೆ ತನ್ನ ತಲೆಯನ್ನೇ ಅನುಮಾನಿಸುತ್ತಿದ್ದಾಳೆ. ನನಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಗಿದೆ. 'ಅಮ್ಮಾ, ನಿನ್ನ ತಲೆ ಸರಿಯಿದೆ' ಎಂದರೆ 'ನಿನ್ನ ಮಗ ನಿನ್ನ ಅಪ್ಪನನ್ನು ಬಿಟ್ಟ' ಎಂದು ಹೇಳಿದಂತೆ. ಅದನ್ನು ಹೇಳದಿದ್ದರೆ ಅವಳು ಹುಚ್ಚಿಯೆಂದು ಒಪ್ಪಿದಂತೆ. ಇವೆರಡರಲ್ಲಿ ಯಾವುದನ್ನು ಹೇಳುವುದು ನಾನು? ಹೇಳಬೇಕಾದವನು ನೀನು.

ನಿನ್ನ ಸಮಿತಿಯೂ ಬೇಡ, ಚುನಾವಣೆಯೂ ಬೇಡ ಎಂದು ನಾನು ಹೇಳುವುದಿಲ್ಲ. ನೀನು ಆ ಭವನದಲ್ಲಿ ಕೂತಿರುವುದರಿಂದಲೇ ನಮ್ಮೂರಿನಲ್ಲಿ ರೈಲು ಇನ್ನೂ ನಿಲ್ಲುತ್ತಿದೆ, ಅದು ನನಗೆ ಗೊತ್ತು. ಕರ್ನಲ್‌ಗೆ ಏನು ಬೇಕಾದರೂ ಹೇಳು. ಆದರೆ ಗುರುವಾರದೊಳಗೆ ಅಮ್ಮನಿಗೆ ಫೋನು ಮಾಡು. ಯಾವ ಅಲಂಕಾರವೂ ಬೇಡ, ಚರಿತ್ರೆಯ ಹಿನ್ನೆಲೆ ಬೇಡ, 'ಆಗಿನ ಪರಿಸ್ಥಿತಿಯಲ್ಲಿ' ಎಂದು ಶುರುಮಾಡಬೇಡ. ನಮ್ಮ ಹಳ್ಳಿಮಾತಿನಲ್ಲಿ ಒಂದೇ ವಾಕ್ಯ: ಅಮ್ಮಾ, ನಾನು ತಾತನ ಹೆಸರು ಓದಲಿಲ್ಲ. ಬೈದರೆ ಬೈಸಿಕೋ. ಅತ್ತರೆ ಫೋನು ಇಡಬೇಡ, ಅತ್ತು ಮುಗಿಸುವವರೆಗೆ ಕೇಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ ತಮ್ಮಾ, ನಮ್ಮ ಮನೆಯಲ್ಲಿ ನೋಡಿದೆನಲ್ಲ.

ಕಠಿಣವಾಗಿ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ. ನೀನು ಚಿಕ್ಕವನಿದ್ದಾಗ ನಿನಗೆ ಬೈದು ಆಮೇಲೆ ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಟ್ಟವಳೂ ನಾನೇ. ಈಗಲೂ ಬೈದಿದ್ದೇನೆ, ಬ್ಲಾಕ್‌ಬೆರಿ ಜಾಮಿನ ಎರಡು ಶೀಶೆ ತೆಗೆದಿಟ್ಟಿದ್ದೇನೆ. ಬೆಚ್ಚಗಿರು, ಕತ್ತಿಗೆ ಮಫ್ಲರ್ ಸುತ್ತಿಕೋ, ಹಾಲು ಕುಡಿ. ಕ್ಲೋತಿಲ್ದ್‌ಗೆ ನನ್ನ ಎರಡೂ ಕೆನ್ನೆಯ ಮುತ್ತು. ದೇವರು ನಿನ್ನನ್ನು ಕಾಯಲಿ, ನಿನಗೆ ದೇವರ ಮೇಲೆ ನಂಬಿಕೆ ಇಲ್ಲದಿದ್ದರೂ ನನ್ನ ಪಾಲಿನದರಲ್ಲಿ ನಿನಗೂ ಸ್ವಲ್ಪ ಕೇಳಿಕೊಳ್ಳುತ್ತೇನೆ.

ನಿನ್ನ ಅಕ್ಕ,
ಸೊಲಾಂಜ್

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅಂಚೆಯವನು ಬರುವ ಹೊತ್ತಾಯಿತು, ಅಕ್ಷರ ಹೇಗಿದ್ದರೂ ಓದಿಕೋ. ಈಗ ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಮಾತಾಡುತ್ತಿದ್ದಳು. ಹೋಗಿ ನೋಡಿದರೆ ಕ್ಯಾರೆಟ್ ಹೆರೆಯುತ್ತ, 'ಇವತ್ತು ಯಾವ ವಾರ? ಶುಕ್ರವಾರ. ಯಾವ ವರ್ಷ? ಐವತ್ತೆಂಟು' ಎಂದುಕೊಳ್ಳುತ್ತಿದ್ದಾಳೆ. ಅಮ್ಮಾ ಎಂದೆ. ತಿರುಗಿ ನೋಡಿ, 'ಹೆದರ್ಬೇಡ್ವೇ, ಪರೀಕ್ಷೆಗೆ ಓದ್ಕೋತಿದೀನಿ. ತಪ್ಪುತ್ರ ಹೇಳೋದೂ ಅಭ್ಯಾಸ ಬೇಕು, ಇಲ್ದಿದ್ರೆ ಬಾಯಿಗೆ ಸರೀದೇ ಬಂದ್ಬಿಡತ್ತೆ' ಎಂದಳು. ಎಮಿಲಿಯೆಂ, ಅವಳಿಗೆ ಎಲ್ಲ ಗೊತ್ತು. ಅವತ್ತು ಕಿವಿಯ ಯಂತ್ರ ಹಾಕಿಕೊಂಡೇ ಬಂದಿದ್ದಳು. 'ನಮ್ಮಪ್ಪನ ಹೆಸ್ರು ಕೇಳೋ ದಿನ ಹಾಕ್ದೆ ಇರ್ತೀನಾ? ಪ್ರಾದಲ್ ಆಯ್ತು. ಅಪ್ಪನ್ನ ಕರೀಲಿಲ್ಲ. ಕರೀದಿದ್ರೂ ಅವ್ನು ಬಂದು ನಿಂತಿದ್ದ, ಪ್ರತಿ ವರ್ಷದ ಹಾಗೆ. ಯಾರಾದ್ರೂ ಅನ್ಬೇಕಲ್ಲ, ಅಂದೆ. ಆಮೇಲೆ ಮಿಲ್ಲೂ ಮುಖ ನೋಡ್ದೆ. ಆ ಮುಖ ನಂಗೊತ್ತು ಕಣೇ, ಮರದ ಹಿಂದೆ ನಿಂತ್ಕೊಂಡು ನಾನು ಹೊತ್ತಿದ್ದೆ. ನನ್ ಮಗನಿಗೆ ಅದು ಬೇಡ. ಮುದುಕಿಗೆ ತಲೆ ಕೆಟ್ಟಿದೆ ಅಂತ ಅವ್ನು ಹೇಳಾಗಿದೆ, ಆಸ್ಪತ್ರೆಯೋರೂ ಹೂಂ ಅಂದ್ಬಿಟ್ರೆ ಊರು ಬಾಯಿ ಮುಚ್ಚತ್ತೆ' ಎಂದಳು. ಪರೀಕ್ಷೆ ಗುರುವಾರ ಬೆಳಗ್ಗೆ ಒಂಬತ್ತಕ್ಕೆ. ಫೋನು ಮಾಡು ಎಂದಿದ್ದೆ, ಫೋನು ಬೇಡ. ನೀನೇ ಬಾ. ನಾನು ನಿನಗೆ ಬರೆಯುತ್ತಿರುವುದನ್ನು ನೋಡಿ ಅವಳೂ ಒಂದು ಮಾತು ಸೇರಿಸಲು ಹೇಳಿದಳು, ಅವಳು ಹೇಳಿದ ಹಾಗೇ ಬರೆದಿದ್ದೇನೆ: 'ಮುಂದಿನ್ ವರ್ಷಾನೂ ಹೆಸ್ರು ಬಿಡೋದಾದ್ರೆ ನಂಗೆ ಮೊದ್ಲೇ ಹೇಳು ಅನ್ನು. ನಾನು ಸುಮ್ಮನೆ ಇರ್ತೀನಿ.'